ಎಣಿಸುವ ಸಮಿತಿಗಳು ಇನ್ನಾದರೂ ಓದಲಿ

1959ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಎರಡು ಪುಟ ದಾಟದ ಒಂದು ಲೇಖನ ಅಚ್ಚಾಯಿತು. ಬರೆದವರು ಕಲ್ಕತ್ತಾ ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗದ ಶಂಭುನಾಥ ಡೇ. ಲೇಖಕರ ಸಾಲಿನಲ್ಲಿ ಇದ್ದುದು ಅವರೊಬ್ಬರದೇ ಹೆಸರು. ಕಾಲರಾ ರೋಗಾಣುಗಳನ್ನು ಬೆಳೆಸಿದ ದ್ರವವನ್ನು ಸೋಸಿ, ರೋಗಾಣುಗಳನ್ನೆಲ್ಲ ಬೇರ್ಪಡಿಸಿ, ಉಳಿದ ತಿಳಿಯನ್ನು ಮಾತ್ರ ಅವರು ಮೊಲದ ಸಣ್ಣ ಕರುಳಿನೊಳಕ್ಕೆ, ಎರಡೂ ಕಡೆ ದಾರ ಬಿಗಿದ ಒಂದು ಭಾಗಕ್ಕೆ ಬಿಟ್ಟಿದ್ದರು. ರೋಗಾಣುವೇ ಇಲ್ಲದಿದ್ದರೂ ಆ ಭಾಗ ನೀರು ತುಂಬಿ ಉಬ್ಬಿತು. ಕಾಲರಾ ಬಂದವರ ಮೈಯ ನೀರನ್ನೆಲ್ಲ ಹೊರಗೆಳೆಯುವುದು ರೋಗಾಣು ಸ್ರವಿಸುವ ಒಂದು ವಿಷ ಎಂಬುದಕ್ಕೆ ಅದು ನೇರ ಸಾಕ್ಷ್ಯ. ಇಂಥದೊಂದು ವಿಷ ಇರಬೇಕೆಂದು ರಾಬರ್ಟ್ ಕಾಖ್ 1884ರಲ್ಲೇ ಊಹಿಸಿದ್ದರು; ಊಹೆ ನಿಜವೆಂದು ತೋರಿಸಲು 75 ವರ್ಷ ಬೇಕಾಯಿತು. ಅದೇ 1959ರಲ್ಲಿ ಮುಂಬಯಿಯ ಹಾಫ್ಕಿನ್ ಸಂಸ್ಥೆಯಲ್ಲಿ ಎನ್.ಕೆ. ದತ್ತ ಮತ್ತು ಸಂಗಡಿಗರು ಮರಿಮೊಲಗಳ ಮೇಲೆ ಪ್ರಯೋಗ ನಡೆಸಿ ಬೇರೆ ದಾರಿಯಿಂದ ಇದೇ ತೀರ್ಮಾನದ ಹತ್ತಿರ ಬಂದಿದ್ದರೆಂಬುದನ್ನೂ ಹೇಳಬೇಕು. ಕಾಲರಾದ ತವರಿನಲ್ಲಿ, ಕಾಲರಾ ರೋಗಿಗಳ ನಡುವೆಯೇ ದುಡಿಯುತ್ತಿದ್ದವರು ಮಾಡಿದ ಈ ಕೆಲಸವನ್ನು ವಿಜ್ಞಾನಲೋಕ ತಕ್ಷಣ ಎತ್ತಿಕೊಳ್ಳಬೇಕಿತ್ತು. ಎತ್ತಿಕೊಳ್ಳಲಿಲ್ಲ. ಮುಂದಿನ ಕೆಲವು ವರ್ಷ ಅದನ್ನು ಉಲ್ಲೇಖಿಸಿದವರು ವಿರಳ. 1960ರ ದಶಕದ ಕೊನೆಗೆ ಅಮೆರಿಕದ ಫಿಂಕೆಲ್‌ಸ್ಟೈನ್ ಮತ್ತು ಲೊಸ್ಪಲುಟೊ ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ಮೇಲೆಯೇ ಕಲ್ಕತ್ತಾದ ಲೇಖನ ಎಲ್ಲರಿಗೂ ಬೇಕಾದದ್ದು.

ಇಂದು ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಬಡ್ತಿ, ನೇಮಕಾತಿ, ಪ್ರಶಸ್ತಿ, ಅನುದಾನ ಎಲ್ಲವೂ ನಡೆಯುವ ಕ್ರಮವನ್ನು ಡೇ ಅವರ 1962ರ ಕಡತಕ್ಕೆ ಅನ್ವಯಿಸಿ ನೋಡಿ. ಲೇಖನಗಳ ಸಂಖ್ಯೆ ಕಡಿಮೆ. ಉಲ್ಲೇಖಗಳು ಬೆರಳೆಣಿಕೆಯವು. ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕ ಹಾಕುವುದು ಲೇಖನ ಪ್ರಕಟವಾದ ನಂತರದ ಎರಡು ವರ್ಷಗಳಲ್ಲಿ ಬಂದ ಉಲ್ಲೇಖಗಳಿಂದ. ಆ ಎರಡು ವರ್ಷ, ಅಂದರೆ 1960 ಮತ್ತು 1961, ಈ ಲೇಖನದ ಮಟ್ಟಿಗೆ ಹೆಚ್ಚುಕಡಿಮೆ ಮೌನದ ವರ್ಷಗಳು. ಎಚ್-ಇಂಡೆಕ್ಸ್ ಎಂಬ ಇನ್ನೊಂದು ಅಳತೆಯನ್ನು ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದರು. ಒಬ್ಬರ ಎಚ್-ಇಂಡೆಕ್ಸ್ 20 ಎಂದರೆ, ತಲಾ ಕನಿಷ್ಠ 20 ಬಾರಿ ಉಲ್ಲೇಖಗೊಂಡ 20 ಲೇಖನಗಳು ಅವರ ಹೆಸರಿನಲ್ಲಿವೆ ಎಂದರ್ಥ. ಒಂದೇ ಲೇಖನದಿಂದ ರೋಗವೊಂದರ ತಿಳಿವಳಿಕೆಯನ್ನೇ ಬದಲಿಸಿದವರಿಗೂ ಅದಕ್ಕಾಗಿ ಈ ಲೆಕ್ಕದಲ್ಲಿ ಸಿಗುವುದು ಒಂದೇ ಅಂಕ. ನನ್ನ ವಾದ ಇಷ್ಟು: ಪ್ರಕಟಣೆಗಳ ಎಣಿಕೆಯಾಗಲಿ ಉಲ್ಲೇಖಗಳ ಎಣಿಕೆಯಾಗಲಿ ವೈದ್ಯಕೀಯ ಸಂಶೋಧಕರ ಯೋಗ್ಯತೆಯನ್ನು ನಿರ್ಧರಿಸುವ ಅಳತೆಗೋಲು ಆಗಬಾರದು. ಅವು ಒಂದು ಕ್ಷೇತ್ರದ ಗಮನ ಯಾವಾಗ ಎತ್ತ ಹರಿಯಿತು ಎಂಬುದರ ದಾಖಲೆ ಮಾತ್ರ. ತೀರ್ಮಾನ ಕೈಗೊಳ್ಳುವವರು ಲೇಖನಗಳನ್ನು ಓದಲೇಬೇಕು.

ಡೇ ಅವರ ಕೆಲಸವನ್ನು ಓದಿದರೆ ಏನು ಕಾಣುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಯಾವ ಸಂಖ್ಯೆಯೂ ಇದನ್ನು ಹೇಳಲಾರದು. ಹೂಗ್ಲಿ ಜಿಲ್ಲೆಯ ಒಂದು ಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಅವರು ಕಲ್ಕತ್ತಾದಲ್ಲಿ ವೈದ್ಯಕೀಯ ಓದಿ, ಲಂಡನ್ನಿನಲ್ಲಿ ಸರ್ ರಾಯ್ ಕ್ಯಾಮರೂನ್ ಅವರ ಬಳಿ ಸಂಶೋಧನೆ ಮಾಡಿ 1949ರಲ್ಲಿ ಪಿಎಚ್.ಡಿ. ಪಡೆದು ಮರಳಿದರು. ಆ ವೇಳೆಗೆ ಕಾಲರಾ ಸಂಶೋಧನೆ ದಶಕಗಳಿಂದ ಒಂದೇ ಜಾಡಿನಲ್ಲಿ ಸಿಕ್ಕಿಕೊಂಡಿತ್ತು. ರೋಗಾಣುವಿನ ದೇಹ ಒಡೆದಾಗ ಹೊರಬೀಳುವ ಒಳವಿಷವೇ ರೋಗಕ್ಕೆ ಕಾರಣವೆಂದು ನಂಬಿ, ಅದನ್ನು ಪ್ರಾಣಿಗಳ ರಕ್ತಕ್ಕೋ ಹೊಟ್ಟೆಯ ಪೊರೆಯೊಳಕ್ಕೋ ಚುಚ್ಚಿ ನೋಡುವುದು ನಡೆದಿತ್ತು. ಪ್ರಾಣಿಗಳು ಸಾಯುತ್ತಿದ್ದವು, ಆದರೆ ಕಾಲರಾದಿಂದಲ್ಲ. ಅಕ್ಕಿ ತೊಳೆದ ನೀರಿನಂಥ ಆ ಭೇದಿ ಕಾಣಿಸಿಕೊಳ್ಳುತ್ತಲೇ ಇರಲಿಲ್ಲ. ಮನುಷ್ಯನಲ್ಲಿ ರೋಗ ನಡೆಯುವುದು ಕರುಳಿನೊಳಗೆ, ಆದ್ದರಿಂದ ನೋಡಬೇಕಾದದ್ದೂ ಅಲ್ಲೇ ಎಂದು ಡೇ ಪ್ರಶ್ನೆಯನ್ನೇ ಬದಲಿಸಿದರು. ಡಿ.ಎನ್. ಚಟರ್ಜಿ ಅವರ ಜೊತೆ 1953ರಲ್ಲಿ ಪ್ರಕಟಿಸಿದ ಮೊಲದ ಕರುಳಿನ ಪ್ರಯೋಗ ಈ ಬದಲಾವಣೆಯ ಫಲ. 1956ರಲ್ಲಿ ಅದೇ ವಿಧಾನವನ್ನು ಭೇದಿಯ ರೋಗಿಗಳಲ್ಲಿ ಸಿಕ್ಕ ಇ. ಕೋಲೈ ರೋಗಾಣುಗಳ ಮೇಲೆ ಹೂಡಿ, ಅವುಗಳಲ್ಲಿ ಕೆಲವು ಕಾಲರಾ ರೋಗಾಣುವಿನಂತೆಯೇ ಕರುಳಿಗೆ ನೀರು ತುಂಬಿಸುತ್ತವೆಂದು ಅವರು ತೋರಿಸಿದರು. ಮಕ್ಕಳ ಭೇದಿಯ ಮುಖ್ಯ ಕಾರಣಗಳಲ್ಲಿ ಒಂದೆಂದು ಇಂದು ಒಪ್ಪಿಕೊಂಡಿರುವ ವಿಷಕಾರಿ ಇ. ಕೋಲೈ ಬಗೆಗಿನ ಅರಿವಿಗೆ ಇದು ಮೊದಮೊದಲ ಮೆಟ್ಟಿಲು. 1959ರ ಲೇಖನ ಇವುಗಳ ಮುಂದಿನ ಹೆಜ್ಜೆ. ಮೂರು ಲೇಖನಗಳನ್ನು ಸಾಲಾಗಿ ಇಟ್ಟು ಒಂದು ಸಂಜೆ ಓದುವ ಯಾವ ಪೆಥಾಲಜಿ ಪ್ರಾಧ್ಯಾಪಕರಿಗಾದರೂ ಇಲ್ಲಿ ಒಂದು ಅಸಾಧಾರಣ ಬುದ್ಧಿ ಕೆಲಸ ಮಾಡುತ್ತಿದೆ ಎಂದು ಗೊತ್ತಾಗುತ್ತದೆ. ಅದಕ್ಕೆ ಉಲ್ಲೇಖಗಳು ಕೂಡಿಬರಲಿ ಎಂದು ಹತ್ತು ವರ್ಷ ಕಾಯಬೇಕಿಲ್ಲ.

ಈ ಅರಿವು ಪ್ರಯೋಗಾಲಯದಲ್ಲೇ ಉಳಿಯಲಿಲ್ಲ. ಕಾಲರಾ ವಿಷ ಕರುಳಿನ ಒಳಪೊರೆಯನ್ನು ಕೊಲ್ಲದೆ ಅದರಿಂದ ನೀರು ಮತ್ತು ಲವಣ ಸುರಿಯುವಂತೆ ಮಾಡುತ್ತದೆ ಎಂಬುದು 1960ರ ದಶಕದಲ್ಲಿ ಹಲವರ ಕೆಲಸದಿಂದ ಸ್ಪಷ್ಟವಾಯಿತು. ಪೊರೆ ಸತ್ತಿಲ್ಲವೆಂದರೆ ಅದು ಹೀರಿಕೊಳ್ಳಬಲ್ಲದು. ಗ್ಲೂಕೋಸ್ ಜೊತೆಗಿದ್ದರೆ ಉಪ್ಪನ್ನೂ ನೀರನ್ನೂ ಒಳಕ್ಕೆ ತೆಗೆದುಕೊಳ್ಳಬಲ್ಲದು. ಬಾಯಿಯ ಮೂಲಕ ಕೊಡುವ ಓಆರ್‌ಎಸ್ ದ್ರಾವಣ ನಿಂತಿರುವುದು ಇದೇ ತಿಳಿವಿನ ಮೇಲೆ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬೀಸ್ ಅದನ್ನು ಡ್ರಮ್ಮುಗಳಲ್ಲಿ ಕಲಸಿ ಹಂಚಿ ಸಾವಿನ ಪ್ರಮಾಣವನ್ನು ಶೇ 4ಕ್ಕಿಂತ ಕೆಳಗಿಳಿಸಿದರು. ಇಂದು ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಇರುವ ಓಆರ್‌ಎಸ್ ಪೊಟ್ಟಣದ ಹಿಂದೆ ಡೇ ಅವರಂಥ ಹಲವರ ದುಡಿಮೆಯಿದೆ. ಆ ಪೊಟ್ಟಣ ಕುಡಿದು ಬದುಕಿದ ಮಗು ಯಾವ ಜರ್ನಲ್‌ನಲ್ಲೂ ಉಲ್ಲೇಖವಾಗಿ ಎಣಿಕೆಗೆ ಬರುವುದಿಲ್ಲ.

ಡೇ ಅವರಿಗೆ ಅವರ ಜೀವಮಾನದಲ್ಲಿ ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ಫೆಲೋ ಗೌರವ ಕೊಡಲಿಲ್ಲ. ದೊಡ್ಡ ಪ್ರಶಸ್ತಿಯೂ ಬರಲಿಲ್ಲ. ವಿಷವನ್ನು ಶುದ್ಧೀಕರಿಸುವ ಮುಂದಿನ ಕೆಲಸಕ್ಕೆ ಬೇಕಾದ ಸಲಕರಣೆ ಅವರಿಗೆ ಸಿಗಲಿಲ್ಲ. 1973ರಲ್ಲಿ ನಿವೃತ್ತರಾದರು. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರ ಸಂಕಿರಣಕ್ಕೆ ಕರೆ ಬಂದಾಗ, 1960ರ ದಶಕದ ಆರಂಭದಲ್ಲೇ ಸತ್ತಿದ್ದ ತನ್ನನ್ನು ಸಂಘಟಕರು ಹೂತಲ್ಲಿಂದ ಮೇಲೆತ್ತಿದ್ದಾರೆ ಎಂಬರ್ಥದ ಮಾತನ್ನು ಅವರು ಅಲ್ಲಿ ಆಡಿದರು. ನೊಬೆಲ್ ಪಡೆದ ಜೋಶುವಾ ಲೆಡರ್‌ಬರ್ಗ್, ಡೇ ಅವರ ಹೆಸರನ್ನು ನೊಬೆಲ್ ಪ್ರಶಸ್ತಿಗೆ ಸೂಚಿಸಿದ್ದರು. 1985ರಲ್ಲಿ ಡೇ ತೀರಿಕೊಂಡರು. ಮರುವರ್ಷ, ಉಲ್ಲೇಖ ಸೂಚಿಯನ್ನು ರೂಪಿಸಿದ ಯೂಜೀನ್ ಗಾರ್ಫೀಲ್ಡ್ ಅವರೇ ಕಾಲರಾ ಸಂಶೋಧನೆಯ ಉಲ್ಲೇಖಗಳ ನಕ್ಷೆ ಬಿಡಿಸಿ, ಅದರ ನಡುವೆ ಡೇ ನಿಂತಿರುವುದನ್ನು ತೋರಿಸಿ ಒಂದು ದೀರ್ಘ ಲೇಖನ ಬರೆದರು. ಭಾರತದಲ್ಲಿ ಮತ್ತೆ ಅವರ ಹೆಸರು ಚರ್ಚೆಗೆ ಬಂದದ್ದರಲ್ಲಿ, 1990ರಲ್ಲಿ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ ಅವರಿಗಾಗಿ ವಿಶೇಷ ಸಂಚಿಕೆ ತಂದದ್ದರಲ್ಲಿ, ಗಾರ್ಫೀಲ್ಡ್ ಬರಹದ ಪಾಲೂ ಇದೆ. ಉಲ್ಲೇಖಗಳ ಲೆಕ್ಕಕ್ಕೆ ಸಲ್ಲಬೇಕಾದ ಗೌರವವನ್ನು ನಾನು ಅಲ್ಲಗಳೆಯುವುದಿಲ್ಲ. ವಿಜ್ಞಾನದ ಇತಿಹಾಸ ಬರೆಯುವವರಿಗೆ ಅದು ಒಳ್ಳೆಯ ಸಾಧನ. ಆದರೆ ಆ ಲೆಕ್ಕ ಮಾತಾಡಿದ್ದು ಮನುಷ್ಯ ಸತ್ತ ಮೇಲೆ. ಸಲಕರಣೆಗೆ ಹಣ ಕೊಡಬೇಕೋ ಬೇಡವೋ ಎಂದು 1960ರಲ್ಲಿ ಯಾರಾದರೂ ಕೇಳಿದ್ದರೆ ಅದರ ಬಳಿ ಉತ್ತರ ಇರಲಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ, ಅದನ್ನು ಈಗಲೇ ಎದುರಿಸಬೇಕು. ಡೇ ಅವರ ಕಾಲದಲ್ಲಿ ಉಲ್ಲೇಖ ಸೂಚಿಯೇ ಇರಲಿಲ್ಲ. ಗಾರ್ಫೀಲ್ಡ್ ಅವರ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರಬಂದದ್ದು 1960ರ ದಶಕದ ನಡುವೆ. ಡೇ ಅವರನ್ನು ಕಡೆಗಣಿಸಿದವರು ಮನುಷ್ಯರು, ಅವರದೇ ಕ್ಷೇತ್ರದ ಹಿರಿಯರು, ಅಕಾಡೆಮಿಗಳ ಸದಸ್ಯರು. ಹಾಗಿರುವಾಗ ಸಂಖ್ಯೆಗಳನ್ನು ಬಿಟ್ಟು ಮನುಷ್ಯರ ತೀರ್ಪಿಗೆ ಮರಳಿ ಎನ್ನುವುದು ಯಾವ ನ್ಯಾಯ? ಮಾತು ನಿಜ. ಆದರೆ ಆ ಹಿರಿಯರು ಓದಿ ತಪ್ಪು ತೀರ್ಪು ಕೊಟ್ಟರೆಂದು ಹೇಳಲು ಆಧಾರವಿಲ್ಲ. ಓದಿದವರು, ಲೆಡರ್‌ಬರ್ಗ್ ಆಗಲಿ ಕಾಲರಾ ಸಂಶೋಧನೆಯ ಇತಿಹಾಸ ಬರೆದ ವ್ಯಾನ್ ಹೈನಿಂಗೆನ್ ಆಗಲಿ, ಅದರ ಬೆಲೆಯನ್ನು ಕಂಡುಕೊಂಡರು. ಉಳಿದವರು ಪರಿಚಯ, ಪದವಿ, ಪ್ರಯೋಗಾಲಯದ ಹೆಸರು, ವಿದೇಶದ ಮನ್ನಣೆ ಇವುಗಳನ್ನು ನೋಡಿದರು. ಉಲ್ಲೇಖಗಳ ಸಂಖ್ಯೆ ಈ ಪಟ್ಟಿಗೆ ಸೇರಿದ ಇನ್ನೊಂದು ನೆಪ. ಮೊದಲು ಓದದೇ ಇರುವುದು ಒಂದು ಸೋಮಾರಿತನವಾಗಿತ್ತು. ಈಗ ಅದಕ್ಕೆ ನಿಯಮಾವಳಿಯ ಬೆಂಬಲ ಸಿಕ್ಕಿದೆ. ಅದೂ ಅಲ್ಲದೆ ಉಲ್ಲೇಖಗಳೆಂದರೆ ಬೇರೆ ಯಾರೋ ಓದಿ ಬಿಟ್ಟುಹೋದ ಗುರುತುಗಳೇ ತಾನೆ. ಎಲ್ಲರೂ ಬೇರೆಯವರ ಗುರುತನ್ನೇ ಕಾಯುತ್ತ ಕುಳಿತರೆ ಮೊದಲ ಗುರುತು ಹಾಕುವವರು ಯಾರು?

ಸಂಖ್ಯೆ ಕಡಿಮೆ ಇದ್ದು ಕೆಲಸ ದೊಡ್ಡದಾಗಿರುವುದು ಒಂದು ಮಗ್ಗುಲು. ಸಂಖ್ಯೆ ದೊಡ್ಡದಿದ್ದು ಕೆಲಸವೇ ಸುಳ್ಳಾಗಿರುವುದು ಇನ್ನೊಂದು, ಮತ್ತು ರೋಗಿಗಳ ದೃಷ್ಟಿಯಿಂದ ಹೆಚ್ಚು ಅಪಾಯದ್ದು. ಜಪಾನಿನ ಅರಿವಳಿಕೆ ತಜ್ಞ ಯೋಶಿತಾಕ ಫುಜಿ ಶಸ್ತ್ರಚಿಕಿತ್ಸೆಯ ನಂತರದ ವಾಂತಿಗೆ ಕೊಡುವ ಔಷಧಗಳ ಬಗ್ಗೆ ಎರಡು ದಶಕ ಎಡೆಬಿಡದೆ ಪ್ರಕಟಿಸಿದವರು. ಪ್ರಕಟಣೆಗಳ ಪಟ್ಟಿಯನ್ನಷ್ಟೇ ನೋಡುವ ಸಮಿತಿಗೆ ಅವರು ಆದರ್ಶ ಅಭ್ಯರ್ಥಿ. 2012ರಲ್ಲಿ ಜಪಾನಿನ ಅರಿವಳಿಕೆ ತಜ್ಞರ ಸಂಘ ಅವರ 212 ಲೇಖನಗಳನ್ನು ಪರಿಶೀಲಿಸಿ, 172ರಲ್ಲಿ ದತ್ತಾಂಶ ಕಟ್ಟುಕತೆಯೆಂದು ತೀರ್ಮಾನಿಸಿತು. ಈ ವಂಚನೆ ಹೊರಬಿದ್ದ ಬಗೆ ನಮಗೆ ಮುಖ್ಯ. 2000ದಲ್ಲೇ ಜರ್ಮನಿಯ ಮೂವರು ವೈದ್ಯರು ಅವರ ಹಲವು ಲೇಖನಗಳನ್ನು ಒಟ್ಟಿಗೆ ಓದಿ, ಅಡ್ಡಪರಿಣಾಮಗಳ ಅಂಕಿಗಳು ಎಲ್ಲ ಗುಂಪುಗಳಲ್ಲೂ ನಂಬಲಾಗದಷ್ಟು ಒಂದೇ ತೆರನಾಗಿವೆ ಎಂದು ಜರ್ನಲ್‌ಗೆ ಪತ್ರ ಬರೆದಿದ್ದರು. ಅವರ ಮಾತಿಗೆ ಯಾರೂ ತಕ್ಕ ಬೆಲೆ ಕೊಡಲಿಲ್ಲ. ಲೇಖನಗಳು ಬರುತ್ತಲೇ ಇದ್ದವು. ಹನ್ನೆರಡು ವರ್ಷಗಳ ನಂತರ ಬ್ರಿಟನ್ನಿನ ಅರಿವಳಿಕೆ ವೈದ್ಯ ಜಾನ್ ಕಾರ್ಲೈಲ್ ಫುಜಿಯವರ ಪ್ರಯೋಗಗಳ ಕೋಷ್ಟಕಗಳನ್ನು ಒಂದೊಂದಾಗಿ ತೆಗೆದು, ನಿಜವಾದ ರೋಗಿಗಳಿಂದ ಇಂಥ ಅಂಕಿಗಳು ಬರುವ ಸಂಭವ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ ಎಂದು ಲೆಕ್ಕದಿಂದ ತೋರಿಸಿದರು. ಎರಡು ಬಾರಿಯೂ ಸತ್ಯವನ್ನು ಹಿಡಿದದ್ದು ಲೇಖನದ ಒಳಗೆ ಇಳಿದ ಓದು.

ಜರ್ಮನಿಯ ಯೋಆಖಿಮ್ ಬೋಲ್ಟ್ ಪ್ರಕರಣದ ಪರಿಣಾಮ ಇನ್ನೂ ನೇರವಾದದ್ದು. ತೀವ್ರ ರಕ್ತಸ್ರಾವ, ಆಘಾತಗಳಲ್ಲಿ ರಕ್ತನಾಳಕ್ಕೆ ಏರಿಸುವ ಪಿಷ್ಟದ ದ್ರಾವಣ ಸುರಕ್ಷಿತವೆಂದು ವಾದಿಸಿದವರಲ್ಲಿ ಅವರದು ದೊಡ್ಡ ಹೆಸರು. 2010ರಿಂದ ಅವರ ಲೇಖನಗಳು ಒಂದರ ಹಿಂದೊಂದು ಹಿಂತೆಗೆತಕ್ಕೆ ಒಳಗಾಗಿ, ಆ ಸಂಖ್ಯೆ ಈಗ 150 ದಾಟಿದೆ. 2013ರಲ್ಲಿ ಅವರ ಪ್ರಯೋಗಗಳನ್ನು ಬದಿಗಿಟ್ಟು ಉಳಿದ ಅಧ್ಯಯನಗಳನ್ನು ಮಾತ್ರ ಒಟ್ಟುಗೂಡಿಸಿದ ವಿಶ್ಲೇಷಣೆ 'ಜಾಮಾ'ದಲ್ಲಿ ಪ್ರಕಟವಾಯಿತು. ಆ ದ್ರಾವಣ ಪಡೆದ ಗಂಭೀರ ರೋಗಿಗಳಲ್ಲಿ ಸಾವೂ ಮೂತ್ರಪಿಂಡದ ಹಾನಿಯೂ ಹೆಚ್ಚೆಂದು ಅದು ಕಂಡುಕೊಂಡಿತು. ತುರ್ತುನಿಗಾ ಘಟಕದಲ್ಲಿ ಮಲಗಿದ್ದವರ ಮೈಗೆ ಆ ದ್ರಾವಣ ಏರಿದ್ದು ಯಾರದೋ ಉದ್ದನೆಯ ಪ್ರಕಟಣಾ ಪಟ್ಟಿಯ ಮೇಲಿನ ನಂಬಿಕೆಯಿಂದಲೂ ಹೌದು. ಹಿಂತೆಗೆದುಕೊಂಡ ಲೇಖನಗಳಿಗೂ ಉಲ್ಲೇಖಗಳು ಬರುವುದು ನಿಲ್ಲುವುದಿಲ್ಲ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ 1998ರ ಆಂಡ್ರೂ ವೇಕ್‌ಫೀಲ್ಡ್ ಲೇಖನವನ್ನು 'ಲ್ಯಾನ್ಸೆಟ್' 2010ರಲ್ಲಿ ಹಿಂತೆಗೆದುಕೊಂಡಿತು. ಅದರ ಉಲ್ಲೇಖಗಳು ಸಾವಿರಗಳಲ್ಲಿವೆ. ಬಹುಪಾಲು ಅದನ್ನು ತಪ್ಪೆಂದು ಹೇಳಲು ಉಲ್ಲೇಖಿಸಿದವು ಎನ್ನುವುದು ಎಣಿಸುವ ಯಂತ್ರಕ್ಕೆ ತಿಳಿಯುವುದಿಲ್ಲ.

ಪ್ರಾಮಾಣಿಕ ಕೆಲಸಗಳ ನಡುವೆಯೂ ಉಲ್ಲೇಖಗಳ ಸಂಖ್ಯೆ ಬೆಲೆಯನ್ನು ತೂಗಲಾರದು. ಜಗತ್ತಿನಲ್ಲೇ ಅತಿ ಹೆಚ್ಚು, ಮೂರು ಲಕ್ಷಕ್ಕೂ ಮೀರಿ ಉಲ್ಲೇಖಗೊಂಡ ಲೇಖನ 1951ರಲ್ಲಿ ಆಲಿವರ್ ಲೌರಿ ಮತ್ತು ಸಂಗಡಿಗರು ಬರೆದದ್ದು. ದ್ರಾವಣವೊಂದರಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ ಅದರಲ್ಲಿದೆ. ಉಪಯುಕ್ತ, ಸಂಶಯವಿಲ್ಲ, ಎಲ್ಲ ಪ್ರಯೋಗಾಲಯಗಳಿಗೂ ಬೇಕಾದ ವಿಧಾನವಾದ್ದರಿಂದ ಎಲ್ಲರೂ ಉಲ್ಲೇಖಿಸಿದರು. ಈಗ ಇದರ ಪಕ್ಕಕ್ಕೆ ನಮ್ಮ ಮಲೆನಾಡಿನ ಮಂಗನ ಕಾಯಿಲೆಯನ್ನು ತನ್ನಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗುಗಳಿಂದ ಹರಡುವ ಈ ರೋಗದ ಮೇಲೆ ಕೆಲಸ ಮಾಡುವವರು ಜಗತ್ತಿನಲ್ಲಿ ಎಷ್ಟು ಜನ ಇದ್ದಾರು? ಪಶ್ಚಿಮ ಘಟ್ಟದ ಅಂಚಿನ ಜಿಲ್ಲೆಗಳ ಆಚೆ ಅದು ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ 2005ರಿಂದ 2010ರವರೆಗಿನ ಕರ್ನಾಟಕದ ದಾಖಲೆಗಳನ್ನು ಪರಿಶೀಲಿಸಿ, ಮಂಗನ ಕಾಯಿಲೆಯ ಲಸಿಕೆಯನ್ನು ಎರಡು ಬಾರಿ ಪಡೆದವರಲ್ಲಿ ರಕ್ಷಣೆ ಸುಮಾರು ಶೇ 62, ಬೂಸ್ಟರ್ ಕೂಡ ಪಡೆದವರಲ್ಲಿ ಸುಮಾರು ಶೇ 83 ಎಂದಿತು. ಲಸಿಕೆ ಹಾಕಿಸಿಕೊಂಡವರ ಪ್ರಮಾಣ ಕಡಿಮೆ ಎಂದೂ ತೋರಿಸಿತು. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಆರೋಗ್ಯ ಅಧಿಕಾರಿಗಳಿಗೆ, ಸೌದೆ ತರಲು ಕಾಡಿಗೆ ಹೋಗುವ ಹೆಣ್ಣುಮಕ್ಕಳಿಗೆ, ತೋಟದ ಕಾರ್ಮಿಕರಿಗೆ ಇದಕ್ಕಿಂತ ಬೇಕಾದ ಸಂಶೋಧನೆ ಯಾವುದಿದೆ? ಆ ಲಸಿಕೆಯ ಬಳಕೆ ಆಮೇಲೆ ನಿಂತಿತು, ಹೊಸದು ಬೇಕೆಂಬ ಕೂಗು ಎದ್ದಿತು. ಇಂಥ ಅಧ್ಯಯನಗಳಿಲ್ಲದೆ ಆ ಚರ್ಚೆಗೆ ನೆಲೆಯೇ ಇರುತ್ತಿರಲಿಲ್ಲ. ಆದರೂ ಒಬ್ಬ ತರುಣ ವೈದ್ಯೆ ತನ್ನ ಹತ್ತು ವರ್ಷಗಳನ್ನು ಮಂಗನ ಕಾಯಿಲೆಗೆ ಕೊಟ್ಟರೆ, ಅದೇ ಹತ್ತು ವರ್ಷ ಯಾವುದೋ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನದ ಲೇಖಕರ ಪಟ್ಟಿಯಲ್ಲಿ ಸಾವಿರದಲ್ಲಿ ಒಬ್ಬರಾಗಿ ಕುಳಿತವರ ಉಲ್ಲೇಖಗಳ ಮುಂದೆ ಆಕೆಯದು ಏನೂ ಅಲ್ಲ. ಸಂಖ್ಯೆಗಳನ್ನೇ ನಂಬುವ ವ್ಯವಸ್ಥೆ ತರುಣ ಸಂಶೋಧಕರಿಗೆ ಕೊಡುವ ಸೂಚನೆ ಸ್ಪಷ್ಟ: ನಿಮ್ಮ ಊರಿನ ರೋಗವನ್ನು ಬಿಡಿ, ಜಗತ್ತು ಮಾತಾಡುತ್ತಿರುವ ರೋಗಕ್ಕೆ ಬನ್ನಿ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು.

ನಮ್ಮ ದೇಶದ ನಿಯಮಗಳು ಈ ದಿಕ್ಕಿಗೇ ನೂಕಿವೆ. ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ ಹುದ್ದೆಗಳಿಗೆ ಏರಲು ಇಂತಿಷ್ಟು ಲೇಖನಗಳು ಪ್ರಕಟವಾಗಿರಬೇಕೆಂದು ಹಿಂದಿನ ಭಾರತೀಯ ವೈದ್ಯಕೀಯ ಪರಿಷತ್ತು ಕಡ್ಡಾಯ ಮಾಡಿತು. 2015ರ ಸುತ್ತೋಲೆಯಲ್ಲಿ ಮೊದಲ ಇಬ್ಬರು ಲೇಖಕರಿಗೆ ಮಾತ್ರ ಮಾನ್ಯತೆ ಎಂದಿತು. ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೆಲವು ತಿದ್ದುಪಡಿಗಳೊಂದಿಗೆ ಅದೇ ಹಾದಿ ಹಿಡಿಯಿತು. ಯಾವ ಸೂಚಿಯಲ್ಲಿರುವ ಜರ್ನಲ್, ಎಷ್ಟು ಲೇಖನ, ಹೆಸರು ಎಷ್ಟನೆಯದು ಎಂಬುದೆಲ್ಲ ನಿಯಮದಲ್ಲಿದೆ. ಲೇಖನದ ಒಳಗೆ ಏನಿರಬೇಕು, ಅದನ್ನು ಯಾರು ಓದಬೇಕು ಎಂಬುದು ಇಲ್ಲ. ಬೇಡಿಕೆ ಇದ್ದಲ್ಲಿ ಪೂರೈಕೆಯೂ ಹುಟ್ಟುತ್ತದೆ. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳ ಬಗ್ಗೆ ಫಿನ್ಲೆಂಡಿನ ಇಬ್ಬರು ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಲ್ಲ ವಿಷಯಗಳನ್ನೂ ಸೇರಿಸಿ ಅಂಥ ಜರ್ನಲ್‌ಗಳ ಲೇಖಕರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಭಾರತದವರು.

ಹಾಗಾದರೆ ನಿಯಮವನ್ನೇ ತೆಗೆದುಹಾಕೋಣವೇ ಎಂದು ಕೇಳುವವರ ಕೈಯಲ್ಲಿ ಒಂದು ಗಟ್ಟಿ ಪುರಾವೆಯಿದೆ, ಅದು ಕರ್ನಾಟಕಕ್ಕೆ ಸಂಬಂಧಿಸಿದ್ದು. 2005ರಿಂದ 2014ರವರೆಗೆ ದೇಶದ 579 ವೈದ್ಯಕೀಯ ಸಂಸ್ಥೆಗಳ ಪ್ರಕಟಣೆಗಳನ್ನು ಪರಿಶೀಲಿಸಿದ, 2016ರಲ್ಲಿ ದೆಹಲಿಯ ವೈದ್ಯರು ಪ್ರಕಟಿಸಿದ ಅಧ್ಯಯನವೊಂದು, 332 ಸಂಸ್ಥೆಗಳು ಹತ್ತು ವರ್ಷಗಳಲ್ಲಿ ಒಂದೇ ಒಂದು ಲೇಖನವನ್ನೂ ಹೊರತರಲಿಲ್ಲ ಎಂದಿತು. ಖಾಸಗಿ ಕಾಲೇಜುಗಳು ಹೆಚ್ಚಿರುವ ಕರ್ನಾಟಕ ಮತ್ತು ಕೇರಳದಲ್ಲಿ ಏನೂ ಪ್ರಕಟಿಸದ ಕಾಲೇಜುಗಳು ಶೇ 90ಕ್ಕಿಂತ ಹೆಚ್ಚು ಎಂದೂ ಅದು ಹೇಳಿತು. ಒತ್ತಾಯ ಇಲ್ಲದಿದ್ದರೆ ಯಾರೂ ಬರೆಯುವುದಿಲ್ಲ, ಆದ್ದರಿಂದ ಎಣಿಕೆ ಬೇಕು ಎನ್ನುವ ವಾದಕ್ಕೆ ಇದು ಆಧಾರ. ಈ ಅಂಕಿ ನಾಚಿಕೆಗೇಡಿನದು, ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಆದರೆ ಅದು ತೋರಿಸುವುದು ಕಾಲೇಜುಗಳಲ್ಲಿ ಸಂಶೋಧನೆಗೆ ಸಮಯ, ಹಣ, ಸಂಖ್ಯಾಶಾಸ್ತ್ರದ ನೆರವು, ಮಾರ್ಗದರ್ಶನ ಯಾವುದೂ ಇಲ್ಲ ಎಂಬುದನ್ನು. ದಿನಕ್ಕೆ ನೂರಾರು ಹೊರರೋಗಿಗಳನ್ನು ನೋಡಿ, ತರಗತಿ ತೆಗೆದುಕೊಂಡು, ಪರೀಕ್ಷೆ ನಡೆಸುವ ಅಧ್ಯಾಪಕರ ಮುಂದೆ ಎರಡು ಲೇಖನ ತನ್ನಿ ಎಂಬ ಷರತ್ತನ್ನಷ್ಟೇ ಇಟ್ಟರೆ ಲೇಖನ ಬರುತ್ತದೆ, ಸಂಶೋಧನೆ ಬರುವುದಿಲ್ಲ. ಸೊನ್ನೆಯ ಜಾಗದಲ್ಲಿ ಎರಡು ಬಂತೆಂದು ಸಂತೋಷಪಡುವ ಮೊದಲು ಆ ಎರಡನ್ನು ಯಾರಾದರೂ ಓದಬೇಕು. ಇಷ್ಟಕ್ಕೂ ಒಳ್ಳೆಯ ಪಾಠ ಹೇಳುವ, ಒಳ್ಳೆಯ ಶಸ್ತ್ರಚಿಕಿತ್ಸೆ ಮಾಡುವ ಎಲ್ಲ ಅಧ್ಯಾಪಕರೂ ಸಂಶೋಧಕರಾಗಲೇಬೇಕೆಂಬ ನಿಯಮವನ್ನೇ ನಾನು ಒಪ್ಪುವುದಿಲ್ಲ. ಅದು ಬೇರೆ ಚರ್ಚೆ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ನಿಷ್ಪಕ್ಷಪಾತದ್ದು. ಸಂಖ್ಯೆಗೆ ಜಾತಿ ಗೊತ್ತಿಲ್ಲ, ಊರು ಗೊತ್ತಿಲ್ಲ, ಯಾರು ಯಾರ ಶಿಷ್ಯ ಎಂಬುದು ಗೊತ್ತಿಲ್ಲ. ಸಮಿತಿಗೆ ಓದಿ ತೀರ್ಮಾನಿಸುವ ಅಧಿಕಾರ ಕೊಟ್ಟರೆ ವಶೀಲಿಬಾಜಿಗೆ ಬಾಗಿಲು ತೆರೆದಂತೆ ಎಂದು, ಆ ಬಾಗಿಲಿನಿಂದ ಗಾಯಗೊಂಡವರೇ ಹೇಳುತ್ತಾರೆ. ಅವರ ಭಯಕ್ಕೆ ಕಾರಣವಿದೆ. ಆದರೆ ಸಂಖ್ಯೆಗೂ ತನ್ನ ಪಕ್ಷಪಾತ ಇದೆ. ದೊಡ್ಡ ಪ್ರಯೋಗಾಲಯ, ದೊಡ್ಡ ತಂಡ, ಸಿರಿವಂತ ದೇಶಗಳ ರೋಗಗಳು, ವಿದೇಶದ ಗುರುಗಳ ಜೊತೆಗಿನ ಸಹಲೇಖನ, ಇವು ಯಾರಿಗೆ ಸುಲಭವಾಗಿ ಸಿಗುತ್ತವೆ? ವಿಭಾಗದ ಮುಖ್ಯಸ್ಥರು ಕಿರಿಯರ ಪ್ರತಿ ಲೇಖನಕ್ಕೂ ತಮ್ಮ ಹೆಸರು ಸೇರಿಸುವ ಪದ್ಧತಿ ಯಾರ ಪಟ್ಟಿಯನ್ನು ಉದ್ದ ಮಾಡುತ್ತದೆ? ಹಳೆಯ ಪಕ್ಷಪಾತವೇ ಇಲ್ಲಿ ಅಂಕಿಯ ರೂಪದಲ್ಲಿ ಬಂದು ಕುಳಿತಿದೆ, ಅಂಕಿಯಾದ್ದರಿಂದ ಅದನ್ನು ಪ್ರಶ್ನಿಸುವುದು ಇನ್ನೂ ಕಷ್ಟ. ಓದುವವರು ಬೇರೆ ರಾಜ್ಯದವರಾಗಿರಲಿ. ಅವರು ಕಾರಣಗಳನ್ನು ಬರವಣಿಗೆಯಲ್ಲಿ ಕೊಡಲಿ, ಆ ಬರವಣಿಗೆ ಅಭ್ಯರ್ಥಿಯ ಕೈಗೂ ಸಿಗಲಿ. ಬರೆದ ಕಾರಣವನ್ನು ಪ್ರಶ್ನಿಸಬಹುದು, ನ್ಯಾಯಾಲಯಕ್ಕೆ ಒಯ್ಯಬಹುದು. ಎಚ್-ಇಂಡೆಕ್ಸ್ 9 ಎಂಬುದನ್ನು ಹೇಗೆ ಪ್ರಶ್ನಿಸುವುದು?

ಸಮಯ ಎಲ್ಲಿದೆ ಎನ್ನುವವರಿಗೆ ಉತ್ತರ ಸುಲಭ, ಏಕೆಂದರೆ ಬೇರೆ ಕಡೆ ಇದನ್ನು ಮಾಡಿ ತೋರಿಸಿದ್ದಾರೆ. ಜರ್ಮನಿಯ ಸಂಶೋಧನಾ ಪ್ರತಿಷ್ಠಾನ ಡಿಎಫ್‌ಜಿ 2010ರಲ್ಲಿ, ಅನುದಾನ ಕೇಳುವವರು ತಮ್ಮ ಪರಿಚಯಪತ್ರದಲ್ಲಿ ಐದಕ್ಕಿಂತ ಹೆಚ್ಚು ಲೇಖನಗಳನ್ನು ಹೆಸರಿಸಬಾರದೆಂದು ಮಿತಿ ಹಾಕಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತನ್ನ ಅರ್ಜಿಗಳಲ್ಲಿ ಹೆಚ್ಚೆಂದರೆ ಐದು ಮುಖ್ಯ ಕೊಡುಗೆಗಳನ್ನು ವಾಕ್ಯಗಳಲ್ಲಿ ವಿವರಿಸಲು ಕೇಳುತ್ತದೆ. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರಿನಿಂದ ವ್ಯಕ್ತಿಯನ್ನು ಅಳೆಯಬೇಡಿ ಎಂಬ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ 2012ರಲ್ಲೇ ರೂಪುಗೊಂಡಿತು. ನೆದರ್ಲೆಂಡ್ಸ್‌ನ ಯೂಟ್ರೆಕ್ಟ್ ವಿಶ್ವವಿದ್ಯಾಲಯ ನೇಮಕ ಮತ್ತು ಬಡ್ತಿಯಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರನ್ನು ಕೈಬಿಡುವುದಾಗಿ 2021ರಲ್ಲಿ ಪ್ರಕಟಿಸಿತು. ಲೇಖನಗಳ ಸಂಖ್ಯೆಗೆ ಬಹುಮಾನ ಕೊಟ್ಟು ಬೆಳೆದ ಚೀನಾ ಕೂಡ 2020ರಲ್ಲಿ ಆ ಪದ್ಧತಿಗೆ ಕಡಿವಾಣ ಹಾಕಿತು. ಐದು ಲೇಖನ ಓದಲು ತಜ್ಞರೊಬ್ಬರಿಗೆ ಎರಡು ದಿನ ಸಾಕು. ಮುಂದಿನ ಇಪ್ಪತ್ತು ವರ್ಷ ವಿಭಾಗವೊಂದನ್ನು ನಡೆಸುವ ವ್ಯಕ್ತಿಯನ್ನು ಆರಿಸಲು ಎರಡು ದಿನ ದುಬಾರಿ ಅಲ್ಲ.

ಇದಕ್ಕೆ ದೆಹಲಿಯ ನಿಯಮ ಬದಲಾಗಲಿ ಎಂದು ಕಾಯಬೇಕಾಗಿಲ್ಲ. ಆಯೋಗದ ನಿಯಮ ಹೇಳುವುದು ಕನಿಷ್ಠ ಅರ್ಹತೆ. ಅದಕ್ಕಿಂತ ಮುಂದೆ ಹೋಗಿ ಓದಬೇಡಿ ಎಂದು ಅದು ಎಲ್ಲಿಯೂ ಹೇಳಿಲ್ಲ. ನಮ್ಮ ಸರ್ಕಾರಿ ವೈದ್ಯಕೀಯ ಕಾಲೇಜುಗಳು, ಡೀಮ್ಡ್ ವಿಶ್ವವಿದ್ಯಾಲಯಗಳು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ಮುಂದಿನ ಬಡ್ತಿ ಸಭೆಯಿಂದಲೇ ಶುರು ಮಾಡಬಹುದು. ಅಭ್ಯರ್ಥಿ ತನ್ನ ಅತ್ಯುತ್ತಮ ಮೂರು ಲೇಖನಗಳನ್ನು ತಾನೇ ಆರಿಸಿ ಕೊಡಲಿ, ಅವುಗಳಲ್ಲಿ ತಾನು ಮಾಡಿದ್ದೇನು ಎಂದು ಒಂದು ಪುಟ ಬರೆಯಲಿ. ಕನ್ನಡದಲ್ಲಿ ಬರೆದರೂ ಸರಿಯೇ. ಸಮಿತಿಯ ಸದಸ್ಯರು ಆ ಮೂರನ್ನು ಓದಿ ಬರಲಿ, ತಮ್ಮ ಅಭಿಪ್ರಾಯ ಬರೆದು ಕೆಳಗೆ ಸಹಿ ಹಾಕಲಿ. ಓದದೆ ಬಂದವರನ್ನು ಮುಂದಿನ ಸಭೆಗೆ ಕರೆಯಬೇಡಿ.